ಮೇಲೆ ಪಿಯಾನೋ, ಕೆಳಗೆ ಗಿಟಾರ್

"ಗುರುಗಳೇ, ಕಛೇರಿಯಲ್ಲಿ ಒಬ್ಬರೇ ಕೂತು ನುಡಿಸುವಾಗ ಪಿಯಾನೋ ದೊಡ್ಡದೋ, ಗಿಟಾರ್ ದೊಡ್ಡದೋ?" ಎಂದು ನೇಮಿರಾಜ ಕೇಳಿದ.

ಅವನು ಗಿಟಾರ್ ಕಲಿಯುತ್ತಿದ್ದ ಶಿಷ್ಯ. ಗುರು ಅವನಿಗಾಗಿಯೇ ನುಡಿಸುತ್ತಿದ್ದರು. ಪ್ರಶ್ನೆ ನಡುವೆ ಬಂದು ಬಿತ್ತು. ಒಂದು ಪಿಯಾನೋ ಕಛೇರಿಗೆ ಹೋಗಿಬಂದಾಗಿನಿಂದ ಅವನ ಮನಸ್ಸು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಗಿಟಾರ್ ಬಿಟ್ಟುಬಿಡಲೇ ಎಂಬ ಯೋಚನೆ ಅವನನ್ನು ಕೊರೆಯುತ್ತಿತ್ತು.

ಗುರುವಿಗೆ ರೇಗಿತು. ಆದರೂ ನಕ್ಕು, ನಿನ್ನಂಥವನೇ ಒಬ್ಬನಿದ್ದ ಎಂದು ಈ ಕತೆ ಹೇಳಿದರು.

ಒಬ್ಬ ವರ್ತಕ. ಸಂಗೀತವೆಂದರೆ ಅವನಿಗೆ ಹುಚ್ಚು. ಆದರೆ ಕಿವಿ ದಿನೇ ದಿನೇ ಮಂದವಾಗುತ್ತಿತ್ತು. ಉಳಿದಿರುವುದು ಸ್ವಲ್ಪ, ಅದೂ ಯಾವಾಗ ಹೋಗುತ್ತದೋ ಹೇಳಲಾಗದು ಎಂದು ವೈದ್ಯರು ಕೈಚೆಲ್ಲಿದ್ದರು. ಹೋಗುವುದರೊಳಗೆ ಒಮ್ಮೆ ಮನಸಾರೆ ಕಛೇರಿ ಕೇಳಬೇಕೆಂದು ಹೆಂಡತಿಯ ಜೊತೆ ಹೊರಟ.

ಅವನ ಗ್ರಹಚಾರ, ಆ ಸಂಜೆ ಒಂದೇ ಕಟ್ಟಡದಲ್ಲಿ ಎರಡು ಕಛೇರಿ. ಮಹಡಿಯಲ್ಲಿ ಪಿಯಾನೋ, ಕೆಳಗೆ ಗಿಟಾರ್. ಎರಡೂ ಕಡೆ ಒಬ್ಬೊಬ್ಬರೇ ನುಡಿಸುವವರು, ಪಕ್ಕವಾದ್ಯವಿಲ್ಲ. ಹೆಂಡತಿ ಕೆಳಗೆ ಕೂತಳು. ಅವನೂ ಕೂತ. ಮುಂದಿನ ಸಾಲಲ್ಲಿ ಕಿವಿಗೊಟ್ಟು ಕೂತರೆ ಬೆರಳು ತಂತಿಗೆ ಉಜ್ಜುವ ಸದ್ದು ಕೂಡ ಕೇಳಿಸುತ್ತಿತ್ತು. ಚೆನ್ನಾಗಿದೆ, ಆದರೆ ನನ್ನ ಕಿವಿಗೆ ಇದು ಸಣ್ಣ ದನಿಯಾಯಿತಲ್ಲ ಎಂದುಕೊಂಡು ಎದ್ದ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿ ಮೇಲೆ ಹೋದ.

ಮೇಲೆ ಪಿಯಾನೋ ನಾದ ಕೊನೆಯ ಸಾಲಿನವರೆಗೂ ತುಂಬಿಕೊಂಡಿತ್ತು. ನುಡಿಸುವವನು ಒಬ್ಬನೇ ಕೂತು ಹತ್ತು ಜನರ ಕೆಲಸ ಮಾಡುತ್ತಿದ್ದ. ಆದರೆ ಇಲ್ಲಿ ಬೆರಳಿಗೂ ತಂತಿಗೂ ನಡುವೆ ಪೆಟ್ಟಿಗೆಯೊಳಗೆ ಬಡಿಯುವ ಒಂದು ಸುತ್ತಿಗೆಯಿದೆ, ಕೆಳಗಾದರೆ ಬೆರಳೇ ತಂತಿಯನ್ನು ಮುಟ್ಟುತ್ತದೆ ಎಂದು ಅವನಿಗೆ ಹೊಳೆಯಿತು. ಮತ್ತೆ ಇಳಿದ. ಅಷ್ಟರಲ್ಲಿ ಬಿಟ್ಟುಹೋಗಿದ್ದ ರಚನೆ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿತ್ತು. ತಲೆಬುಡ ತಿಳಿಯಲಿಲ್ಲ. ಮತ್ತೆ ಹತ್ತಿದ. ಕೆಳಗೆ ಕೂತರೆ ಮನಸ್ಸು ಮೇಲೆ, ಮೇಲೆ ಕೂತರೆ ಮನಸ್ಸು ಕೆಳಗೆ. ಚಪ್ಪಲಿ ಬಿಟ್ಟು ಮೆಟ್ಟಿ ಸಾಕಾಗಿ ಕೊನೆಗೆ ಕಂಕುಳಲ್ಲಿ ಇರುಕಿಕೊಂಡೇ ಓಡಾಡತೊಡಗಿದ.

ಹೆಂಡತಿ ಅವನ ತೋಳು ಹಿಡಿದಳು. "ಎಲ್ಲಾದ್ರೂ ಒಂದು ಕಡೆ ಕೂತುಬಿಡಿ. ಎರಡೂ ಕಡೆ ಇರೋಕೆ ನೀವೇನು ದೇವರಾ?"

"ಇದೊಂದು ಸಲ ಹೋಲಿಸಿ ನೋಡ್ಕೊಂಡು ಬರ್ತೀನಿ. ಆಮೇಲೆ ಕದಲೋದಿಲ್ಲ" ಎಂದು ಅವನು ತೋಳು ಬಿಡಿಸಿಕೊಂಡ.

ಅರ್ಧ ಮೆಟ್ಟಿಲು ಹತ್ತಿದ್ದಾಗ ಕೆಳಗೆ ಚಪ್ಪಾಳೆ ಎದ್ದಿತು. ತುಸು ಹೊತ್ತಿಗೆ ಮೇಲೆಯೂ ಎದ್ದಿತು. ಎರಡೂ ಮುಗಿದಿದ್ದವು. ಜನ ಗುನುಗುತ್ತ ಇಳಿದು ಹೋದರು. ಗುನುಗಲು ಅವನ ಬಳಿ ಒಂದು ಸಾಲೂ ಇರಲಿಲ್ಲ. ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು. ಹೆಂಡತಿಯ ಹಿಂದೆ ಮನೆಗೆ ನಡೆದ.

ಮರುದಿನ ಬೆಳಿಗ್ಗೆ ಎದ್ದವನೇ, ನೀನು ಕೂತಲ್ಲಿ ಹೇಗಿತ್ತು ಎಂದು ಹೆಂಡತಿಯನ್ನು ಕೇಳಿದ. ಅವಳು ಪಕ್ಕದಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು, ನೆನಪಿದ್ದಷ್ಟನ್ನು ಗುನುಗಿಯೂ ತೋರಿಸಿದಳು. ಅವನಿಗೆ ಅವಳ ತುಟಿ ಅಲುಗುವುದಷ್ಟೇ ಕಂಡಿತು.

ಗುರು ಕತೆ ನಿಲ್ಲಿಸಿದರು. ನೇಮಿರಾಜ ಕೂತಲ್ಲೇ ಚಡಪಡಿಸಿದ. ಪಾಪ ಅನ್ನಿಸಿತು, ಆದರೂ ತಡೆಯಲಾಗಲಿಲ್ಲ. ಕೊನೆಗೂ ಎರಡರಲ್ಲಿ ಯಾವುದು ದೊಡ್ಡದೆಂದು ನೀವು ಹೇಳಲೇ ಇಲ್ಲವಲ್ಲ ಎಂದ.

ಗುರು ಗಿಟಾರ್ ಎತ್ತಿಕೊಂಡರು.

"ಕೇಳಿದ್ದು ಸಾಕು, ಇನ್ನು ಕೇಳು."