ಎಡಹಲಗೆಯ ಹೆಸರು

"ಅಯ್ಯನವರೇ, ಒಬ್ಬನಿಗೆ ನಾನು ಕೇಡು ಬಯಸುವುದಿಲ್ಲ, ಶಪಿಸುವುದಿಲ್ಲ, ಅವನ ಮಾತೂ ಎತ್ತುವುದಿಲ್ಲ. ನನ್ನ ಪಾಲಿಗೆ ಅವನು ಸತ್ತ ಹಾಗೆ, ಅಷ್ಟೆ. ಇದೂ ಪಾಪವೇ?"

ಕೇಳಿದವನು ಸಿಲಾಸ. ದೇವಜ್ಞಾನ ಶಾಲೆಯಲ್ಲಿ ನಾಲ್ಕು ವರ್ಷದ ಓದು ಮುಗಿಸಿದ್ದ. ಬರುವ ಭಾನುವಾರ ಅವನಿಗೆ ಸಭಾಪಾಲಕನ ದೀಕ್ಷೆ. ಅಂದು ಕರೆಯಬೇಕಾದವರ ಪಟ್ಟಿಯನ್ನು ಗುರುಗಳಾದ ಯೋನಾ ಜತ್ತನ್ನ ಅಯ್ಯನವರಿಗೆ ತೋರಿಸಲು ತಂದಿದ್ದ. ಅಯ್ಯನವರು ಅದನ್ನು ಮೇಲಿನಿಂದ ಕೆಳಗೆ ಓದಿದರು, ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದರು. "ಊರಿಗೆ ಊರೇ ಇದೆ. ನಿನ್ನ ಅಣ್ಣ ಮಾತ್ರ ಕಾಣಿಸಲಿಲ್ಲ" ಎಂದರು. ಆ ಮಾತಿಗೆ ಬಂದ ಪ್ರಶ್ನೆ ಇದು. ಅಣ್ಣ ಅಮ್ಮನ ಮಣ್ಣಿಗೆ ಬಂದಿರಲಿಲ್ಲ. ಆಮೇಲೆ ಎರಡು ಸಲ ಫೋನ್ ಮಾಡಿದ್ದ, ಸಿಲಾಸ ಎತ್ತಿರಲಿಲ್ಲ.

ಜತ್ತನ್ನ ಅಯ್ಯನವರು ಕ್ರೈಸ್ತ ಸಭೆಯ ಚರಿತ್ರೆಯನ್ನು ಮೂವತ್ತು ವರ್ಷ ಕಲಿಸಿದವರು. ಹಳೆಯ ಕಾಲದ ಒಂದು ಎಳೆ ಸಿಕ್ಕರೆ ಸಾಕು, ಅವರ ಮುಖ ಅರಳುತ್ತಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೂತುಕೋ ಮಾರಾಯ. ಒಂದು ಕತೆ ಇದೆ. ನಡೆದದ್ದೋ ಅಲ್ಲವೋ ಎಂದು ಮಾತ್ರ ಕೇಳಬೇಡ" ಎಂದು ಹೇಳತೊಡಗಿದರು.

ಚಕ್ರವರ್ತಿಗಳು ಕ್ರೈಸ್ತರನ್ನು ಹುಡುಕಿ ಹಿಡಿಯುತ್ತಿದ್ದ ಕಾಲ. ಒಂದು ಗಡಿಯೂರಿನಲ್ಲಿ ಒಂದು ಸಣ್ಣ ಸಭೆ. ಅಲ್ಲಿ ಒಬ್ಬ ತಂದೆ, ಅವನಿಗೆ ಇಬ್ಬರು ಗಂಡುಮಕ್ಕಳು. ಒಂದು ದಿನ ಸಿಪಾಯಿಗಳು ಬಂದರು. ಪೇಟೆಯ ನಡುವೆ ಚಕ್ರವರ್ತಿಯ ವಿಗ್ರಹ ಇಟ್ಟರು, ಅದರ ಮುಂದೆ ಕೆಂಡದ ಬಟ್ಟಲು ಇಟ್ಟರು. ಒಂದು ಚಿಟಿಕೆ ಧೂಪ ಹಾಕಿದವನು ಮನೆಗೆ ಹೋಗಬಹುದು. ಹಾಕದವನು ಸೆರೆಮನೆಗೆ. ತಂದೆ ಹಾಕಲಿಲ್ಲ. ತಮ್ಮ ಹಾಕಲಿಲ್ಲ. ಅಣ್ಣ ಹಾಕಿದ. ಗಾಬರಿಯಲ್ಲಿ ಚಿಟಿಕೆಯ ಬದಲು ಹಿಡಿಯಷ್ಟು ಹಾಕಿಬಿಟ್ಟ.

ತಂದೆ ಸೆರೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತ. ತಮ್ಮ ಕಾಲು ಕುಂಟಾಗಿ ಹೊರಗೆ ಬಂದ. ಹೊಸ ಚಕ್ರವರ್ತಿ ಬಂದ, ಹಿಂಸೆ ನಿಂತಿತು. ಸಭೆಯವರು ತಮ್ಮನನ್ನು ಸಭಾಸೇವಕನನ್ನಾಗಿ ಮಾಡಿದರು. ಆರಾಧನೆಯಲ್ಲಿ ಹೆಸರುಗಳನ್ನು ಓದುವುದು ಅವನ ಕೆಲಸ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಸಭೆಯಲ್ಲಿ ಪುಸ್ತಕದ ಹಾಗೆ ತೆರೆದು ಮುಚ್ಚುವ ಎರಡು ಮರದ ಹಲಗೆಗಳಿದ್ದವು. ಒಳಮೈಗೆ ಮೇಣ ಬಳಿದಿತ್ತು. ಕಬ್ಬಿಣದ ಕಂಟದಿಂದ ಅದರ ಮೇಲೆ ಹೆಸರು ಗೀರುತ್ತಿದ್ದರು. ಅಳಿಸಬೇಕಾದರೆ ಹೆಬ್ಬೆರಳಿನಿಂದ ತಿಕ್ಕಿದರೆ ಸಾಕು, ಬೆರಳಿನ ಬಿಸಿಗೆ ಮೇಣ ಕರಗಿ ಸಮವಾಗುತ್ತಿತ್ತು. ನಮ್ಮ ಸ್ಲೇಟಿನ ಹಾಗೆಯೇ, ಎಂಜಲು ಮಾತ್ರ ಬೇಡ. ಬಲಹಲಗೆಯಲ್ಲಿ ಬದುಕಿರುವವರ ಹೆಸರು, ಎಡಹಲಗೆಯಲ್ಲಿ ತೀರಿಕೊಂಡವರ ಹೆಸರು. ಭಾನುವಾರ ಎರಡನ್ನೂ ಗಟ್ಟಿಯಾಗಿ ಓದಬೇಕು. ಬಲಹಲಗೆಯ ಹೆಸರು ಕೇಳಿದಾಗ ಆ ಮನುಷ್ಯ "ಇದ್ದೇನೆ" ಎನ್ನಬೇಕು. ಎಡಹಲಗೆಯ ಹೆಸರು ಕೇಳಿದಾಗ ಎಲ್ಲರೂ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು.

ಧೂಪ ಹಾಕಿದ ಅಣ್ಣನ ಹೆಸರನ್ನು ಬಲಹಲಗೆಯಿಂದ ಅಳಿಸಿದ್ದರು. ಅವನು ಪಶ್ಚಾತ್ತಾಪಪಟ್ಟು ಬಂದ. ಅಂಥವರಿಗೆ ಒಂದು ಕಟ್ಟಳೆ ಇತ್ತು: ಗೋಣಿತಟ್ಟು ಉಟ್ಟು ಮೂರು ವರ್ಷ ಬಾಗಿಲ ಹೊರಗೆ ನಿಂತು, ಒಳಗೆ ಹೋಗುವವರನ್ನು ಪ್ರಾರ್ಥನೆಗಾಗಿ ಬೇಡಿಕೊಳ್ಳಬೇಕು. ಅವನು ಮೂರು ವರ್ಷವೂ ನಿಂತ. ತಮ್ಮ ಕುಂಟುತ್ತಾ ಬಂದಾಗಲೆಲ್ಲ, "ತಮ್ಮಾ, ನನಗಾಗಿ ಒಂದು ಮಾತು" ಎನ್ನುತ್ತಿದ್ದ. ತಮ್ಮ ಒಮ್ಮೆಯೂ ಬೈಯಲಿಲ್ಲ. ಒಮ್ಮೆಯೂ ತಿರುಗಿ ನೋಡಲೂ ಇಲ್ಲ.

ಮೂರು ವರ್ಷ ತುಂಬಿದ ದಿನ ಸಭಾಧ್ಯಕ್ಷನು ಅಣ್ಣನ ತಲೆಯ ಮೇಲೆ ಕೈಯಿಟ್ಟು ಅವನನ್ನು ಒಳಗೆ ಕರೆದುಕೊಂಡ. ಸಭಾಸೇವಕನಿಗೆ, "ಇವನ ಹೆಸರು ಬರೆ" ಎಂದ.

ಸಭಾಸೇವಕ ಕಂಟ ಹಿಡಿದು ಹಲಗೆ ತೆರೆದ. ಬಲಹಲಗೆಯಲ್ಲಿ ಜಾಗ ಇತ್ತು. ಅವನ ಕೈ ಎಡಕ್ಕೆ ಹೋಯಿತು. ತಂದೆಯ ಹೆಸರಿನ ಕೆಳಗೆ ಅಣ್ಣನ ಹೆಸರು ಬರೆದ. ಇದರಲ್ಲಿ ಸುಳ್ಳೇನಿದೆ, ಧೂಪ ಹಾಕಿದ ದಿನವೇ ಸತ್ತನಲ್ಲ, ಎಂದುಕೊಂಡ. ಹಲಗೆಯನ್ನು ನೋಡುವವನು ಅವನೊಬ್ಬನೇ.

ಭಾನುವಾರ ಬಂತು. ಬಲಹಲಗೆ ಮುಗಿಯಿತು. ಅಣ್ಣ ಹಿಂದೆ ನಿಂತು ತನ್ನ ಹೆಸರಿಗಾಗಿ ಕಾದ, ಬರಲಿಲ್ಲ. ಎಡಹಲಗೆ ಸುರುವಾಯಿತು. ತಂದೆಯ ಹೆಸರು ಬಂತು, ಎಲ್ಲರೂ ಸುಮ್ಮನಿದ್ದರು. ಅದರ ಮುಂದಿನ ಹೆಸರಿಗೆ ಹಿಂದಿನಿಂದ "ಇದ್ದೇನೆ" ಎಂದು ದನಿ ಬಂತು. ಸಭೆ ತಿರುಗಿ ನೋಡಿತು.

ಆರಾಧನೆ ಮುಗಿದ ಮೇಲೆ ಒಬ್ಬ ಮುದುಕಿ ಸಭಾಸೇವಕನ ಅಂಗಿ ಹಿಡಿದಳು. "ಏನಪ್ಪಾ, ಜೀವ ಇರುವವನನ್ನೇ ಹೂತುಬಿಟ್ಟೆಯಲ್ಲ! ನನ್ನದು ಯಾವಾಗ? ಮೊದಲೇ ಹೇಳಿಬಿಡು, ಒಳ್ಳೆ ಸೀರೆ ಉಟ್ಟು ಬರುತ್ತೇನೆ."

"ಸಾಲು ತಪ್ಪಿತು, ಅಜ್ಜಿ" ಎಂದ ಸಭಾಸೇವಕ.

ಅಣ್ಣ ಹತ್ತಿರ ಬಂದ. "ಇರಲಿ ಬಿಡು ತಮ್ಮಾ. ಅಪ್ಪನ ಪಕ್ಕದಲ್ಲಿ ಬರೆದೆಯಲ್ಲ, ನನಗೆ ಅದೇ ದೊಡ್ಡದು" ಎಂದ. ತಮ್ಮ ಗೋಡೆ ನೋಡುತ್ತಾ ನಿಂತ. ಹೆಸರನ್ನು ತಿದ್ದಲಿಲ್ಲ.

ಎರಡನೆಯ ಭಾನುವಾರ. ಎಡಹಲಗೆಯ ಮೊದಲ ಹೆಸರು ಓದಿದ. ಅದು ಹೆರಿಗೆಯಲ್ಲಿ ತೀರಿಕೊಂಡ ಒಬ್ಬ ಹೆಂಗಸಿನದು. ಹಿಂದಿನಿಂದ, ಮೆಲ್ಲಗೆ, "ಇದ್ದೇನೆ" ಎಂದು ಕೇಳಿಸಿತು. ಅವನು ತಲೆಯೆತ್ತಿದ. ಸಭೆ ಕಣ್ಣು ಮುಚ್ಚಿ ಸುಮ್ಮನೆ ಕೂತಿತ್ತು. ಯಾರ ತುಟಿಯೂ ಅಲುಗಿರಲಿಲ್ಲ. ಮುಂದಿನ ಹೆಸರು ಓದಿದ. "ಇದ್ದೇನೆ." ಅದರ ಮುಂದಿನದು. "ಇದ್ದೇನೆ." ಗಂಡು ದನಿ, ಹೆಣ್ಣು ದನಿ, ಮಾತು ಕಲಿಯುವ ಮೊದಲೇ ಸತ್ತ ಒಂದು ಕೂಸಿನ ದನಿ. ತಂದೆಯ ಹೆಸರಿಗೆ ಮೊದಲು ಕೆಮ್ಮು ಬಂತು, ಆಮೇಲೆ ಉತ್ತರ.

ಹೆದರಿದನೇ ಎಂದರೆ, ಹೆದರಿದ. ಆದರೆ ಹೆಸರು ತಿದ್ದಿದರೆ ಅಣ್ಣ ಗೆದ್ದಂತೆ ಎಂದು ಅವನ ಲೆಕ್ಕ. ಹಲಗೆ ಮುಚ್ಚಿ ಮನೆಗೆ ಹೋದ.

ಮೂರನೆಯ ಭಾನುವಾರ. ಹಲಗೆ ತೆರೆದು ಬಲಗಡೆಯ ಮೊದಲ ಹೆಸರು ಓದಿದ. ಉತ್ತರ ಬರಲಿಲ್ಲ. ಹೆಸರಿನವನು ಎದುರಿಗೇ ಕೂತು ಬಾಗಿಲ ಕಡೆ ನೋಡುತ್ತಿದ್ದ. ಎರಡನೆಯ ಹೆಸರಿಗೂ ಇಲ್ಲ. ಸಭಾಸೇವಕ ದನಿ ಏರಿಸಿದ. ಯಾರೂ ಅವನ ಕಡೆ ತಿರುಗಲಿಲ್ಲ. ಬದುಕಿರುವವರ ಹೆಸರುಗಳೆಲ್ಲ ಒಂದೊಂದಾಗಿ ಆ ಗೋಡೆಗಳ ನಡುವೆ ಬಿದ್ದುಹೋದವು. ಕೊನೆಗೆ ಉಳಿದದ್ದು ಓದುವವನ ಹೆಸರು. ಅದನ್ನೂ ಓದಿ, "ಇದ್ದೇನೆ" ಎಂದ. ಬಾಯಿ ಆಡಿತು. ಅವನ ಕಿವಿಗೇ ಅದು ಕೇಳಿಸಲಿಲ್ಲ.

"ಹೆಸರು ಓದುವವನು ಎಲ್ಲಿ? ಹೊತ್ತಾಯಿತಲ್ಲ" ಎಂದಳು ಆ ಮುದುಕಿ, ಪಕ್ಕದವಳಿಗೆ.

ಹಿಂದಿನಿಂದ ಕೆಮ್ಮು ಕೇಳಿಸಿತು. "ಇಲ್ಲೇ ಇದ್ದಾನೆ" ಎಂದಿತು ತಂದೆಯ ದನಿ. "ನಮ್ಮ ಜೊತೆ."

ಸಭಾಸೇವಕ ಅಣ್ಣನ ಹೆಸರಿನ ಮೇಲೆ ಹೆಬ್ಬೆರಳು ಒತ್ತಿದ. ತಿಕ್ಕಿದ. ಮೇಣ ಕಲ್ಲಿನ ಹಾಗಿತ್ತು. ಬೆರಳನ್ನು ಬಾಯಿಗೆ ಹಿಡಿದು ಊದಿದ. ಉಸಿರಿನಲ್ಲಿ ಬಿಸಿ ಇರಲಿಲ್ಲ. ಸಭಾಧ್ಯಕ್ಷನ ಕಾಲು ಹಿಡಿದ. ಸಭಾಧ್ಯಕ್ಷ ನೊಣ ಕೂತಂತೆ ಕಾಲು ಒದರಿಕೊಂಡು, ಬೇರೆ ಒಬ್ಬನಿಂದ ಹೆಸರು ಓದಿಸುವ ಏರ್ಪಾಡು ಮಾಡಿದ.

ಆಗ ಅವನು, ಆ ಧೂಪದ ದಿನದ ನಂತರ ಮೊದಲ ಸಲ, ಅಣ್ಣನ ಮನೆಯ ದಾರಿ ಹಿಡಿದ. ನಡುಹಗಲು. ಬಿಸಿಲಿನಲ್ಲಿ ಎಲ್ಲರಿಗೂ ನೆರಳಿತ್ತು. ಅವನು ತನ್ನ ಕಾಲಿನ ಕೆಳಗೆ ನೋಡಿಕೊಳ್ಳಲಿಲ್ಲ.

ಅಣ್ಣ ಆಗಷ್ಟೇ ಆರಾಧನೆಯಿಂದ ಬಂದಿದ್ದ. ಅತ್ತಿಗೆ ರೊಟ್ಟಿ ಬಡಿಸುತ್ತಿದ್ದಳು. ತಮ್ಮ ಬಾಗಿಲಲ್ಲಿ ನಿಂತು, "ಅಣ್ಣಾ" ಎಂದ. ಇಬ್ಬರೂ ತಲೆಯೆತ್ತಲಿಲ್ಲ.

ಅಣ್ಣ ತುತ್ತು ಮುರಿದವನು ಹಾಗೇ ಕೆಳಗಿಟ್ಟ. "ಇವತ್ತು ತಮ್ಮ ಓದಲು ಬರಲಿಲ್ಲ ಕಣೆ" ಎಂದ.

"ನಿಮ್ಮ ಮುಖವನ್ನೇ ನೋಡದವನು ಅವನು" ಎಂದಳು ಅತ್ತಿಗೆ. "ಅವನಿಗಾಗಿ ರೊಟ್ಟಿ ತಣ್ಣಗಾಗಲು ಬಿಡುತ್ತೀರಾ?"

"ಅವನ ಕಾಲು ಸರಿಯಿಲ್ಲ. ಎಲ್ಲಾದರೂ ಬಿದ್ದಿದ್ದರೆ?" ಅಣ್ಣ ಎದ್ದ. ಬಾಗಿಲಲ್ಲಿ ನಿಂತವನನ್ನು ಗಾಳಿಯನ್ನು ದಾಟಿದ ಹಾಗೆ ದಾಟಿ ಬೀದಿಗೆ ಇಳಿದ. ತಮ್ಮ ಕುಂಟುತ್ತಾ ಅವನ ಹಿಂದೆ ನಡೆದ. ಅಣ್ಣನ ಹೆಜ್ಜೆಯ ಸದ್ದು ಮಾತ್ರ ಕೇಳುತ್ತಿತ್ತು.

ಅಣ್ಣ ತಮ್ಮನ ಮನೆಯ ಮುಂದೆ ನಿಂತು ಬಾಗಿಲು ತಟ್ಟಿದ. ಒಳಗೆ ಯಾರೂ ಇರಲಿಲ್ಲ. ಮತ್ತೆ ತಟ್ಟಿದ. ಕದಕ್ಕೆ ಕಿವಿಯಿಟ್ಟು, "ತಮ್ಮಾ, ಇದ್ದೀಯಾ?" ಎಂದು ಕರೆದ.

ತಮ್ಮ ಅವನ ಬೆನ್ನ ಹಿಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ನಿಂತಿದ್ದ. ಬಾಯಿ ತೆರೆದ.

ಅಯ್ಯನವರು ಅಲ್ಲಿಗೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಸಿಲಾಸ ಕಾದ.

"ಅಣ್ಣನಿಗೆ ಕೇಳಿಸಿತೇ, ಅಯ್ಯನವರೇ?" ಎಂದ ಸಿಲಾಸ.

ಅಯ್ಯನವರು ಪಟ್ಟಿಯನ್ನು ಮಡಚಿ ಅವನ ಕೈಗೆ ಕೊಟ್ಟು ಕೇಳಿದರು: "ನಿನ್ನ ಅಣ್ಣನ ಊರಿಗೆ ಬಸ್ಸು ಎಷ್ಟು ಗಂಟೆಗೆ?"