ಹಮಾಲ ಎತ್ತಿದ ಯಂತ್ರ

"ಇನ್ನೆಷ್ಟು ಮಾಡೋದು ಸಾರ್? ಮೋಟಾರಿನ ಬಲ ಜಾಸ್ತಿ ಮಾಡಿದ್ರೆ ಪೇಷೆಂಟು ಕಮ್ಮಿ ಎತ್ತುತ್ತಾರೆ. ಇನ್ನೂ ಜಾಸ್ತಿ ಮಾಡಿದ್ರೆ ಆಕಳಿಸ್ತಾರೆ. ಇವತ್ತು ಒಬ್ಬರು ನಿದ್ದೇನೇ ಹೋದ್ರು. ಕೈ ಮಾತ್ರ ಪಾಪ, ಮೇಲೆ ಕೆಳಗೆ ಹೋಗ್ತಾನೇ ಇತ್ತು. ಎಬ್ಬಿಸೋದಾ ಬಿಡೋದಾ ಗೊತ್ತಾಗಲಿಲ್ಲ. ನೀವೇ ಹೇಳಿ, ಒಬ್ಬರಿಗೆ ಎಷ್ಟು ಸಹಾಯ ಮಾಡಿದ್ರೆ ಸರಿ?"

ಕೇಳಿದವನು ಕೊಟ್ರೇಶ. ಲಕ್ವ ಹೊಡೆದು ಬಿದ್ದುಹೋದ ಕೈಕಾಲಿಗೆ ಮತ್ತೆ ಚಲನೆ ಕಲಿಸುವ ಸಂಶೋಧನಾಲಯದಲ್ಲಿ ಅವನು ಹೊಸ ಇಂಜಿನಿಯರ್. ಕೇಳಿಸಿಕೊಂಡವರು ಗುರುಪಾದಯ್ಯ ಮೇಷ್ಟ್ರು. ಅಂಥ ಇಂಜಿನಿಯರುಗಳನ್ನು ತಯಾರು ಮಾಡುವುದರಲ್ಲೇ ತಲೆಗೂದಲು ಕಳೆದುಕೊಂಡವರು. ಮೇಷ್ಟ್ರು ಟೀ ಲೋಟ ಕೆಳಗಿಟ್ಟರು. ಉತ್ತರ ಕೊಡಲಿಲ್ಲ, ಕತೆ ಹೇಳಿದರು.

ಒಬ್ಬ ಇಂಜಿನಿಯರ್ ಇದ್ದ. ಬಿದ್ದುಹೋದ ಕೈಯನ್ನು ಎತ್ತುವ ಒಂದು ಯಂತ್ರ ಮಾಡಿದ. ಕೈಯ ಭಾರ ತಡೆಯೋಕೆ ಸ್ಪ್ರಿಂಗು, ಮೇಲೆತ್ತೋಕೆ ಮೋಟಾರು, ಎಷ್ಟು ಎದ್ದಿತು ಅಂತ ತೋರಿಸೋಕೆ ಒಂದು ಪರದೆ. ಮೊದಲ ಪರೀಕ್ಷೆಗೆ ತನ್ನ ಕೈಯನ್ನೇ ಕಟ್ಟಿಕೊಂಡ. ಆ ಕೈಯಲ್ಲಿ ಕಾಫಿ ಲೋಟ ಇತ್ತು. ಯಂತ್ರ ಎತ್ತಿದ ರಭಸಕ್ಕೆ ಕಾಫಿ ಹೋಗಿ ಎದುರಿಗಿದ್ದ ಸಂಸ್ಥೆಯ ನಿರ್ದೇಶಕರ ಅಂಗಿ ಮೇಲೆ ಕೂತಿತು. ಬಲ ಸಾಕಷ್ಟಿದೆ ಅಂತ ಎಲ್ಲರೂ ಒಪ್ಪಿಕೊಂಡರು. ನಿರ್ದೇಶಕರು ತಮ್ಮ ಕುರ್ಚಿಯನ್ನು ಗೋಡೆ ಹತ್ತಿರ ಹಾಕಿಸಿಕೊಂಡರು. ನೆಲ ಒರೆಸುವಾಗ ಮೋಟಾರಿನ ವೈರು ಕಿತ್ತುಕೊಂಡು ಮೇಜಿನ ಹಿಂದೆ ಬಿತ್ತು. ಅದನ್ನು ಯಾರೂ ನೋಡಲಿಲ್ಲ.

ಮಾರನೇ ದಿನ ಒಬ್ಬ ಹಮಾಲ ಬಂದ. ಧಾನ್ಯದ ಮಂಡಿಯಲ್ಲಿ ಮೂಟೆ ಹೊರುವವನು. ಬಲಗೈಗೆ ಲಕ್ವ ಹೊಡೆದಿತ್ತು. ಜೊತೆಗೆ ಹೆಂಡತಿ ಇದ್ದಳು. ಅವಳೇ ತುತ್ತು ಮಾಡಿ ಅವನ ಬಾಯಿಗೆ ಇಡುತ್ತಿದ್ದಳು. ಮೂಟೆ ಹೊರೋದು ಹೋಯಿತಲ್ಲ ಅನ್ನೋದಕ್ಕಿಂತ ಆ ತುತ್ತು ಅವನ ಗಂಟಲಲ್ಲಿ ಜಾಸ್ತಿ ಸಿಕ್ಕಿಕೊಳ್ಳುತ್ತಿತ್ತು. ಎಡಗೈಯಲ್ಲಿ ಉಣ್ಣೋಕೆ ಮನಸ್ಸು ಒಪ್ಪುತ್ತಿರಲಿಲ್ಲ.

"ನನ್ನ ಕೈಯಾರೆ ನಾನು ತಿನ್ನೋ ಹಂಗೆ ಮಾಡ್ರಿ ಸಾರ್, ಸಾಕು" ಅಂದ.

"ನೀವು ಆರಾಮಾಗಿ ಕೂತ್ಕೊಳ್ಳಿ ಅಣ್ಣ. ಎತ್ತೋದು ಇದರ ಕೆಲಸ" ಅಂದ ಇಂಜಿನಿಯರ್.

ಗುಂಡಿ ಒತ್ತಿದ. ಹಸಿರು ದೀಪ ಹತ್ತಿತು. ಕೈ ಏಳಲಿಲ್ಲ. ಇನ್ನೊಮ್ಮೆ ಒತ್ತಿದ. ದೀಪ ಚೆನ್ನಾಗಿಯೇ ಹತ್ತಿತು. ಆದರೆ ಆ ದೀಪ ಪರದೆಗೆ ಸೇರಿದ್ದು, ಮೋಟಾರಿಗಲ್ಲ. ಇಂಜಿನಿಯರ್ ಬೆವರಿದ. ಗೋಡೆ ಹತ್ತಿರದ ಕುರ್ಚಿಯಿಂದ ನಿರ್ದೇಶಕರು ಕೆಮ್ಮಿದರು.

ಹಮಾಲ ಇಂಜಿನಿಯರ್ ಮುಖ ನೋಡಿದ, ಯಂತ್ರವನ್ನು ನೋಡಿದ. ಇಂಥದ್ದು ಅವನು ಬೇಕಾದಷ್ಟು ಕಂಡಿದ್ದ. ಮಂಡಿಯಲ್ಲಿ ದೊಡ್ಡ ಮೂಟೆ ಎತ್ತುವಾಗ ಇಬ್ಬರು ಎರಡು ತುದಿ ಹಿಡಿಯುತ್ತಾರೆ. ಆ ತುದಿಯವನಿಗೆ ಜ್ವರ ಬಂದು ಬಲ ಸಾಲದೇ ಹೋದರೆ ಈ ತುದಿಯವನು ಬಾಯಿ ಬಿಡುವುದಿಲ್ಲ. ಬಿಟ್ಟರೆ ಸಾಹುಕಾರನ ಕಿವಿಗೆ ಬಿದ್ದು ಜ್ವರದವನ ಕೆಲಸ ಹೋಗುತ್ತದೆ. ಮೂಟೆಯನ್ನು ಸ್ವಲ್ಪ ತನ್ನ ಕಡೆಗೆ ವಾಲಿಸಿಕೊಂಡು, ಏನೂ ಆಗದವನ ಹಾಗೆ ಎತ್ತಿಬಿಡುತ್ತಾನೆ.

ಹಮಾಲ ಹಲ್ಲು ಕಚ್ಚಿದ. ಯಂತ್ರದ ಪಾಲನ್ನೂ ತನ್ನ ಕಡೆಗೆ ವಾಲಿಸಿಕೊಂಡ. ಕೈ ಬೆರಳಿನ ದಪ್ಪದಷ್ಟು ಎದ್ದು ಮತ್ತೆ ಬಿತ್ತು. ಪರದೆ ಮೇಲಿನ ಗೆರೆ ಸ್ವಲ್ಪ ಮಿಸುಕಿತು.

"ಎತ್ತಿತು!" ಅಂತ ಇಂಜಿನಿಯರ್ ಕೂಗಿದ.

"ಒಳ್ಳೇ ಮಿಷಿನ್ನು ಸಾರ್" ಅಂದ ಹಮಾಲ, ಬೆವರು ಒರೆಸಿಕೊಳ್ಳುತ್ತಾ.

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು. "ಏನಂತೆ, ಎತ್ತುತ್ತಾ ಅದು?"

"ಎಲ್ಲಿ ಎತ್ತುತ್ತೆ, ಅದಕ್ಕೆ ಜೀವಾನೇ ಇಲ್ಲ. ಆ ಹುಡುಗನ ಮುಖ ನೋಡಿ ನಾನೇ ಎತ್ತಿದೆ. ಯಾರ ಹತ್ರಾನೂ ಹೇಳಬ್ಯಾಡ."

"ನಿನ್ನ ಕೈಯೇ ಏಳಲ್ಲ. ನೀನೆಂಗೆ ಎತ್ತಿದೆ?"

"ನನ್ನ ಕೈ ಏಳಲ್ಲ. ನಾನು ಎತ್ತಿದ್ದು ಅದರ ಕೈ" ಅಂದ ಹಮಾಲ. ಹೆಂಡತಿ ಅವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಲಕ್ವ ತಲೆಗೂ ಹತ್ತಿರಬೇಕು ಅಂದುಕೊಂಡಳು.

ಬಂದಾಗಲೆಲ್ಲ ಹೀಗೇ ನಡೆಯಿತು. ಇಂಜಿನಿಯರ್ ಗುಂಡಿ ಒತ್ತುತ್ತಿದ್ದ, ಹಮಾಲ ಎತ್ತುತ್ತಿದ್ದ, ಹೆಸರು ಯಂತ್ರಕ್ಕೆ ಹೋಗುತ್ತಿತ್ತು. ಕೈ ಹೊಟ್ಟೆ ದಾಟಿತು, ಎದೆ ದಾಟಿತು, ಗದ್ದದ ಹತ್ತಿರ ಬಂತು. ಬೇರೆ ಊರಿನಿಂದ ಡಾಕ್ಟರುಗಳು ನೋಡೋಕೆ ಬಂದರು. ಇಂಜಿನಿಯರ್ ಹೊಸ ಅಂಗಿ ಹೊಲಿಸಿದ.

ಒಂದು ದಿನ ಸ್ಕ್ರೂ ಒಂದು ಉರುಳಿ ಮೇಜಿನ ಕೆಳಗೆ ಹೋಯಿತು. ಹುಡುಕೋಕೆ ಬಗ್ಗಿದ ಇಂಜಿನಿಯರಿಗೆ ಸ್ಕ್ರೂ ಸಿಗಲಿಲ್ಲ, ಮೋಟಾರಿನ ವೈರು ಸಿಕ್ಕಿತು. ಅದರ ತುದಿಯಲ್ಲಿ ಕಾಫಿ ಒಣಗಿತ್ತು. ಅವನು ತುಂಬಾ ಹೊತ್ತು ಮೇಜಿನ ಕೆಳಗೇ ಕೂತಿದ್ದ.

"ಏನ್ರೀ ಅಲ್ಲಿ?" ಅಂದರು ನಿರ್ದೇಶಕರು.

"ಸ್ಕ್ರೂ ಸಾರ್" ಅಂದ.

ಅವನು ಪ್ರಾಮಾಣಿಕ ಮನುಷ್ಯ. ಆದದ್ದಾಯಿತು, ಇನ್ನು ಮೇಲಾದರೂ ಸರಿಯಾಗಿ ಸಹಾಯ ಮಾಡೋಣ ಅಂತ ವೈರು ಸಿಕ್ಕಿಸಿದ. ಮುಂದಿನ ಸಲ ಯಂತ್ರ ಹಮಾಲನ ಕೈಯನ್ನು ಬೆಣ್ಣೆಯಷ್ಟು ನುಣ್ಣಗೆ ಬಾಯಿವರೆಗೂ ಎತ್ತಿತು. ಅಲ್ಲಿಗೆ ನಿಲ್ಲದೆ ಅವನ ತಲೆ ಮೇಲಿನ ರುಮಾಲನ್ನೂ ತಳ್ಳಿ ಕೆಡವಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಹುಷಾರಾಯ್ತಲ್ಲ ಸಾರ್ ಇದು!" ಅಂತ ಹಮಾಲನಿಗೆ ಎಲ್ಲರಿಗಿಂತ ಜಾಸ್ತಿ ಖುಷಿಯಾಯಿತು. ಕುರ್ಚಿಗೆ ಒರಗಿ ಕೂತ. ಅವತ್ತಿನಿಂದ ಅವನು ಏನನ್ನೂ ಎತ್ತಲಿಲ್ಲ.

ಪರದೆ ಮೇಲಿನ ಗೆರೆ ಮೊದಲಿಗಿಂತ ಚಂದವಾಯಿತು. ಯಂತ್ರದ ಪಟ್ಟಿ ಬಿಚ್ಚಿದ ಮೇಲೆ ಮಾತ್ರ ಕೈ ಗದ್ದದಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿಯುತ್ತಾ ಬಂತು. ಕೊನೆಗೆ ತೊಡೆ ಮೇಲೆ ಬಿದ್ದುಕೊಂಡಿತು. ಹೊರಗಿನ ಬೆಂಚಿನ ಮೇಲೆ ಹೆಂಡತಿ ಮತ್ತೆ ತುತ್ತು ಇಡುವುದನ್ನೂ, ಹಮಾಲ ಮುಖ ಆ ಕಡೆ ತಿರುಗಿಸುವುದನ್ನೂ ಇಂಜಿನಿಯರ್ ಕಿಟಕಿಯಿಂದ ನೋಡಿದ. ಹೊರಗೆ ಬಂದು ಕೇಳಿದ.

"ಯಾಕಣ್ಣ, ಮೊದಲು ಗದ್ದದ ಮಟ್ಟ ಬರ್ತಿತ್ತಲ್ಲ?"

"ಅವಾಗ ಅದಕ್ಕೆ ಶಕ್ತಿ ಇರ್ಲಿಲ್ಲ ಸಾರ್, ನಾನು ಒಂಚೂರು ಕೈ ಕೊಡ್ತಿದ್ದೆ. ನಿಮ್ಮ ಕೆಲಸಕ್ಕೆ ಸಂಚಕಾರ ಬರಬಾರದು ಅಂತ ಹೇಳಿರ್ಲಿಲ್ಲ. ಈಗ ಅದಕ್ಕೇ ಶಕ್ತಿ ಬಂದಿದೆ. ನಾನ್ಯಾಕೆ ಅಡ್ಡ ಹೋಗ್ಲಿ?"

ಇಂಜಿನಿಯರ್ ಒಳಗೆ ಬಂದ. ವೈರು ಕಿತ್ತರೆ ಗೆರೆ ಬೀಳುತ್ತದೆ, ಡಾಕ್ಟರುಗಳು ಬರೋದು ನಿಲ್ಲುತ್ತದೆ. ಕೀಳದಿದ್ದರೆ ಆ ಮನುಷ್ಯ ಬದುಕಿರೋವರೆಗೂ ಬೆಂಚಿನ ಮೇಲೆ ಮುಖ ತಿರುಗಿಸಿಕೊಂಡೇ ಉಣ್ಣುತ್ತಾನೆ. ಮೇಜಿನ ಹಿಂದೆ ಕೈ ಹಾಕಿ ವೈರು ಎಳೆದ. ಹಮಾಲನನ್ನು ಕರೆದು ಹೇಳಿದ.

"ಇದಕ್ಕೆ ಮತ್ತೆ ಸುಸ್ತು ಅಣ್ಣ."

"ನಂಗೊತ್ತಿತ್ತು ಬಿಡಿ. ಹೊಸದರಲ್ಲಿ ಎಲ್ಲರೂ ಎಗರಾಡ್ತಾರೆ" ಅಂತ ಹಮಾಲ ನಿಟ್ಟುಸಿರು ಬಿಟ್ಟು ಕುರ್ಚಿ ತುದಿಗೆ ಬಂದು ಕೂತ.

ಮತ್ತೆ ತೊಡೆಯಿಂದ ಶುರುವಾಯಿತು. ಈ ಸಲ ಇಂಜಿನಿಯರ್ ಕೂಗಲಿಲ್ಲ, ಕುಣಿಯಲಿಲ್ಲ. ಹತ್ತಿರ ಒಂದು ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ, ಅಷ್ಟೇ. ಡಾಕ್ಟರುಗಳು ಬರೋದು ಬಿಟ್ಟರು. ನಿರ್ದೇಶಕರು ಮಾತು ಬಿಟ್ಟರು. ಬೇಸಿಗೆ ಕಳೆದು ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಹೆಂಡತಿ ಪೊಟ್ಟಣದಲ್ಲಿ ಮಂಡಕ್ಕಿ ತಂದಿದ್ದಳು. ಹಮಾಲ ಯಂತ್ರದಲ್ಲಿ ಕೂತಿದ್ದವನು ಪೊಟ್ಟಣಕ್ಕೆ ಬಲಗೈ ಹಾಕಿ ಒಂದು ಹಿಡಿ ತೆಗೆದ. ಕೈ ನಡುಗಿತು. ಗದ್ದದ ಹತ್ತಿರ ನಿಂತಿತು. ಆಮೇಲೆ ಬಾಯಿಗೆ ಬಂತು. ಅರ್ಧ ಮಂಡಕ್ಕಿ ಬಾಯಿಗೆ ಹೋಯಿತು, ಅರ್ಧ ಯಂತ್ರದ ಸಂದಿಗೆ ಹೋಯಿತು.

"ಎಲ್ಲಾ ಚೆಲ್ಲಿದೆ ನೋಡು" ಅಂತ ಗದರಿ ಹೆಂಡತಿ ಗೋಡೆ ಕಡೆ ತಿರುಗಿ ನಿಂತಳು. ಹಮಾಲ ತುಂಬಾ ಹೊತ್ತು ಅಗಿದ. "ಖಾರ ಜಾಸ್ತಿ" ಅಂದ. ಇನ್ನೊಂದು ಹಿಡಿಗೆ ಕೈ ಹಾಕಿದ.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿ, ಆರಿಹೋಗಿದ್ದ ಟೀ ಕುಡಿದರು.

"ಆ ಇಂಜಿನಿಯರ್ ಕತೆ ಏನಾಯ್ತು ಸಾರ್?" ಅಂದ ಕೊಟ್ರೇಶ.

"ಅವನು ನಗಬೇಕೋ ಅಳಬೇಕೋ ತಿಳಿಯದೆ ಮನೆಗೆ ಹೋದ. ಕೈಕಾಲು ತೊಳೆದು ಊಟಕ್ಕೆ ಕೂತ. ಹೆಂಡತಿ ತಟ್ಟೆ ಇಟ್ಟಳು, ನೀರು ಇಟ್ಟಳು, ಅನ್ನ ಬಡಿಸಿದಳು. ಸಾರಿಗೆ ಸೌಟು ಹಾಕಿದಾಗ ಅವನು ಎಲ್ಲಾ ಹೇಳಿಕೊಂಡ. ನನ್ನ ಯಂತ್ರ ಎತ್ತುವಷ್ಟು ದಿನ ಆ ಮನುಷ್ಯನ ಕೈ ಬಿದ್ದಿತ್ತು ಕಣೇ, ಅದು ಸುಸ್ತಾದ ಮೇಲೇ ಎದ್ದಿದ್ದು ಅಂದ. ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವನ ಎದುರಿಗೆ ಕೂತಳು."

"ಏನಂದ್ರು?"

"'ಹಾಗಾದ್ರೆ ಇವತ್ತಿಂದ ನಂಗೂ ಸುಸ್ತು ಕಣ್ರೀ' ಅಂದಳು."