ಹನ್ನೆರಡನೆಯ ಗೂಡು

ಹೊಳೆದಂಡೆಯಲ್ಲಿ ಈರಾಚಾರ್ರ ಮರಗೆಲಸದ ಚಪ್ಪರವಿತ್ತು. ಅಲ್ಲಿ ಲಿಂಗಾಚಾರಿ ಎಂಬ ಶಿಷ್ಯ ಕೆಲಸ ಕಲಿಯುತ್ತಿದ್ದ. ವಯಸ್ಸು ಮೂವತ್ತು ದಾಟಿತ್ತು. ಕೈ ಒರಟೆಂದು ಹಿಂದೆ ಇಬ್ಬರು ಗುರುಗಳು ಅವನನ್ನು ಕಳಿಸಿಬಿಟ್ಟಿದ್ದರು. ಇಲ್ಲಿಂದಲೂ ಹೋಗು ಎಂದರೆ ಅವನಿಗೆ ಬೇರೆ ಬಾಗಿಲಿರಲಿಲ್ಲ.

ಒಂದು ದಿನ ಗುರು ಅವನನ್ನು ಕರೆದು, ತಮ್ಮ ಹನ್ನೊಂದು ಉಳಿಗಳನ್ನು ಇಡಲು ಒಂದು ಸಣ್ಣ ಕಪಾಟು ಮಾಡು ಎಂದರು. ಗೂಡು ಮಾತ್ರ ಹನ್ನೆರಡಿರಲಿ ಎಂದರು.

ಯಾಕೆಂದು ಕೇಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ತಲೆಯಾಡಿಸಿ ಹಲಗೆ ಹುಡುಕಲು ಹೋದ.

ಹಳೆಯ ಬಾಗಿಲೊಂದರ ತೇಗದ ಹಲಗೆ ಸಿಕ್ಕಿತು. ನಾಲ್ಕನೆಯ ಗೂಡು ಕೆತ್ತುವಾಗ ಉಳಿ ಠಣ್ಣೆಂದಿತು. ಒಳಗೆ ಮುರಿದ ಮೊಳೆಯಿತ್ತು.

ಅವನ ಕೈಯಲ್ಲಿದ್ದದ್ದು ಆ ಹನ್ನೊಂದರಲ್ಲಿ ಒಂದು, ಗುರುವಿನ ಗುರು ಕೊಟ್ಟಿದ್ದ ಉಳಿ. ಅದರ ಬಾಯಿ ರಾಗಿಕಾಳಿನಷ್ಟು ಮುಕ್ಕಾಗಿತ್ತು.

ಲಿಂಗಾಚಾರಿಗೆ ಜೀವ ಬಾಯಿಗೆ ಬಂತು. ಅವನಿಗಿಂತ ಮೊದಲು ಅಲ್ಲಿ ಕಾಳಪ್ಪನೆಂಬ ಶಿಷ್ಯನಿದ್ದ. ಉಳಿ ಮುಕ್ಕು ಮಾಡಿದ್ದಕ್ಕೆ ಆಚಾರ್ರು ಅವನನ್ನು ಓಡಿಸಿದರೆಂದು ದೋಣಿ ನಡೆಸುವವರು ಹೇಳುತ್ತಿದ್ದರು.

ಮಸೆದು ಸರಿಮಾಡೋಣವೆಂದರೆ ಸಾಣೆಕಲ್ಲು ಇದ್ದದ್ದು ಗುರು ಕೂರುವ ಚಾಪೆಯ ಪಕ್ಕದಲ್ಲಿ. ಬೇರೆ ಉಳಿ ತೆಗೆದುಕೊಂಡರೆ ಯಾಕಪ್ಪಾ ಅಂತ ಕೇಳುತ್ತಾರೆ. ಅದೇ ಮುಕ್ಕು ಉಳಿಯಲ್ಲಿ ಉಳಿದ ಗೂಡುಗಳನ್ನೂ ಕೆತ್ತಿ ಮುಗಿಸಿದ. ಉಳಿಯ ಬಾಯಿ ಯಾರಿಗೂ ಕಾಣಬಾರದೆಂದು ಗೂಡುಗಳನ್ನು ಬೇಕಾದ್ದಕ್ಕಿಂತ ಆಳವಾಗಿಯೇ ಕೆತ್ತಿದ. ಹಿಡಿ ಮೇಲೆ, ಬಾಯಿ ಕೆಳಗೆ.

ಗುರು ಬಂದು ಒಂದು ಗೂಡಿನೊಳಗೆ ಬೆರಳಾಡಿಸಿದರು. ಬೆರಳು ಒಂದು ಗಳಿಗೆ ನಿಂತಿತು.

"ಆಳ ಜಾಸ್ತಿಯಾಯ್ತಲ್ಲ."

"ಉಳಿ ಬೀಳಬಾರದು ಅಂತ, ಗುರುಗಳೇ."

"ಸರಿ, ಜೋಡಿಸು" ಎಂದು ಹೊರಟುಹೋದರು. ಹನ್ನೆರಡನೆಯ ಗೂಡು ಖಾಲಿ ಉಳಿಯಿತು.

ಅಂದಿನಿಂದ ದಿನಾ ಬೆಳಗ್ಗೆ ಗುರು ಕಪಾಟು ತೆರೆಯುವರು. ಅವರ ಕೈ ಆ ಮುಕ್ಕು ಉಳಿಯ ಹಿಡಿಯ ಹತ್ತಿರ ಸುಳಿದರೆ ಲಿಂಗಾಚಾರಿ ಕೆಲಸ ಬಿಟ್ಟು ನೋಡುತ್ತಿದ್ದ. ಅವರು ಪಕ್ಕದ್ದನ್ನು ತೆಗೆದುಕೊಂಡು ಹೋಗುವರು. ಇವತ್ತು ಬದುಕಿದೆ ಎಂದುಕೊಳ್ಳುವನು. ಮಾರನೆಯ ದಿನ ಮತ್ತೆ ಅದೇ. ಹೊಳೆಯಾಚೆ ಯಾರೋ ಉಳಿ ಎಂದರೂ ಇವನು ಬೆಚ್ಚುತ್ತಿದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇತ್ತು ಅವನ ಬಾಳು.

ಒಂಬತ್ತನೆಯ ದಿನ ತಡೆಯಲಾರದೆ ಕೇಳಿದ.

"ಗುರುಗಳೇ, ಭಯ ಹೋಗೋದು ಹೇಗೆ?"

ಗುರು ಹಲಗೆಯಿಂದ ತಲೆಯೆತ್ತಲಿಲ್ಲ.

"ಎಲ್ಲಿಟ್ಟಿದ್ದೀಯ ಅದನ್ನ?"

ಲಿಂಗಾಚಾರಿ ಅಲ್ಲಿ ನಿಲ್ಲಲಿಲ್ಲ. ಬಟ್ಟೆಯನ್ನು ಚೀಲಕ್ಕೆ ತುರುಕಿಕೊಂಡು ಹೊಳೆಗೆ ಇಳಿದ. ದೋಣಿ ಆಚೆ ದಡದಲ್ಲಿತ್ತು. ಕಾಯುತ್ತಾ ಕೂತ. ಓಡಿಹೋದರೂ ಆ ಉಳಿ ಆ ಗೂಡಿನಲ್ಲೇ ಇರುತ್ತದೆ, ಒಂದಲ್ಲ ಒಂದು ಬೆಳಗ್ಗೆ ಗುರು ಅದನ್ನು ತೆಗೆಯುತ್ತಾರೆ. ಆಗ ತಾನು ಎಲ್ಲಿದ್ದರೂ ಹೀಗೇ ಬೆಚ್ಚುತ್ತಿರುತ್ತೇನೆ ಎನ್ನಿಸಿತು. ದೋಣಿ ಈಚೆ ದಡ ಮುಟ್ಟುವಷ್ಟರಲ್ಲಿ ಅವನು ದಡದ ಮೆಟ್ಟಿಲು ಹತ್ತಿ ಚಪ್ಪರಕ್ಕೆ ವಾಪಸಾಗುತ್ತಿದ್ದ.

ಕಪಾಟು ತೆರೆದು ಉಳಿ ತೆಗೆದ. ಹಿಡಿಯನ್ನು ಗುರುವಿನ ಕಡೆಗೆ ಮಾಡಿ ನೀಡಿದ.

"ಮುಕ್ಕು ಮಾಡಿದ್ದು ನಾನು. ಬಚ್ಚಿಟ್ಟಿದ್ದೂ ನಾನೇ. ಹೋಗು ಅಂದರೆ ಹೋಗ್ತೀನಿ."

ಗುರು ಉಳಿ ತೆಗೆದುಕೊಳ್ಳಲಿಲ್ಲ. ಅವನ ಕೈ ಹಿಡಿದು ಕಪಾಟಿನ ಹತ್ತಿರ ಕರೆದೊಯ್ದರು. ಅವನ ಬೆರಳನ್ನು ಖಾಲಿ ಗೂಡಿನೊಳಗೆ ಇಳಿಸಿದರು. ಗೋಡೆಯುದ್ದಕ್ಕೂ ನೂಲಿನಷ್ಟು ಸಣ್ಣಗೆ ಉಬ್ಬಿದ ಏಣು ಬೆರಳಿಗೆ ತಾಗಿತು. ಉಳಿಯ ಮುಕ್ಕು ಮರದಲ್ಲಿ ಬಿಟ್ಟುಹೋದ ಗೆರೆ ಅದು. ಕೆತ್ತಿದವನಿಗೆ ತಿಳಿಯಬೇಕಿತ್ತು. ಹೆದರಿದ ಕೈಗೆ ತಿಳಿದಿರಲಿಲ್ಲ.

"ನಿಮಗೆ ಮೊದಲ ದಿನವೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಕೇಳಲಿಲ್ಲ, ಗುರುಗಳೇ?"

ಗುರು ಹೊಳೆಯ ಕಡೆ ಕೈ ತೋರಿಸಿದರು.

"ಕಾಳಪ್ಪನನ್ನ ಕೇಳಿದ್ದೆ. ಬೆಳಗಾಗೋದರೊಳಗೆ ಅವನೂ ಇರಲಿಲ್ಲ, ಅವನ ಚೀಲವೂ ಇರಲಿಲ್ಲ."

ಲಿಂಗಾಚಾರಿ ತನ್ನ ಹೆಗಲ ಮೇಲಿದ್ದ ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

"ಈಗ ನೀನು ಹೊಳೆಗೆ ಇಳಿದಾಗ ನೋಡಿದೆ" ಎಂದರು ಗುರು. "ಕೂಗಲಿಕ್ಕೆ ಹೆದರಿಕೆಯಾಯ್ತು."

ಅವರ ದನಿ ಅಷ್ಟು ಸಣ್ಣಗಾದದ್ದನ್ನು ಅವನು ಹಿಂದೆ ಕೇಳಿರಲಿಲ್ಲ. ಗುರು ಚಾಪೆಯ ಕೆಳಗಿನಿಂದ ಬಟ್ಟೆ ಸುತ್ತಿದ ಉಳಿಯೊಂದನ್ನು ತೆಗೆದು ಬಿಚ್ಚಿದರು. ಅದರ ಬಾಯಿಯೂ ಮುಕ್ಕಾಗಿತ್ತು. ಕಾಳಪ್ಪ ಹೋದ ಆರು ವರ್ಷದಿಂದ ಅದು ಸಾಣೆ ಕಂಡಿರಲಿಲ್ಲ, ಆದರೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿದ್ದರು.

ಅದನ್ನು ಹನ್ನೆರಡನೆಯ ಗೂಡಿಗೆ ಇಳಿಸಿದರು. ಆಮೇಲೆ ಸಾಣೆಕಲ್ಲನ್ನು ಲಿಂಗಾಚಾರಿಯ ಕಡೆಗೆ ಸರಿಸಿದರು.

"ನಿನ್ನದನ್ನ ನೀನು ಮಸೆ. ಅವನದನ್ನ ಅವನೇ ಬಂದು ಮಸೀಲಿ."